ಜಮಾಲ್ ಸರ್ ಚಾ ಕುಡಿಯಲು ಕರೆದರೆ

ಫೆಬ್ರವರಿ 11, ಮಂಗಳವಾರ

ಲೋಕನಾಥ ಮಾವ ತಾವಾಗಿಯೇ ಊಟಕ್ಕೆ ಕರೆದರೆಂದರೆ ಏನೋ ಒಂದು ಕೆಲಸ ತಲೆಗೆ ಕಟ್ಟುತ್ತಾರೆ ಎಂದೇ ಅರ್ಥ. ಇವತ್ತೂ ಹಾಗೆಯೇ ಆಯಿತು. ಕಾಣೆ ಮೀನಿನ ಫ್ರೈ ಅರ್ಧ ಮುಗಿಯುವ ಮೊದಲೇ ವಿಷಯ ಹೊರಬಿತ್ತು. ಕೋಚ್ ಜಮಾಲುದ್ದೀನರನ್ನು ಸೀಸನ್ ಮುಗಿದ ಕೂಡಲೇ ಕಳುಹಿಸಬೇಕು, ಅದಕ್ಕೆ ಬೇಕಾದದ್ದನ್ನೆಲ್ಲ ನಾನು ಈಗಿನಿಂದಲೇ ತಯಾರು ಮಾಡಿಡಬೇಕು.

ನನಗೇನೂ ಬೇಸರವಾಗಲಿಲ್ಲ. ಪಡುಕಡಲು ಎಫ್‌ಸಿ ಎಂದು ಚೆಂದದ ಹೆಸರಿಟ್ಟುಕೊಂಡು ಮಾವ ಕಟ್ಟಿದ ನಮ್ಮ ಫುಟ್ಬಾಲ್ ತಂಡ ಲೀಗಿನ ಬುಡದಲ್ಲಿ ಕೂತಿದೆ. ಕೊನೆಗೆ ಉಳಿದವರು ಕೆಳಗಿನ ಡಿವಿಷನ್ನಿಗೆ ಇಳಿಯಬೇಕು. ಬೇರೆ ಊರಿನ ಕ್ಲಬ್ಬಿನವರಾಗಿದ್ದರೆ ಇಷ್ಟು ಹೊತ್ತಿಗೆ ಎರಡನೇ ಕೋಚನ್ನೂ ಮನೆಗೆ ಕಳುಹಿಸಿರುತ್ತಿದ್ದರು. ಮಾವ ಮಾತ್ರ ಮೀನಮೇಷ ಎಣಿಸುತ್ತಾ ಕೂತಿದ್ದಾರೆ.

ನನಗೆ ಫುಟ್ಬಾಲ್ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಮಾವನ ಹೋಟೆಲಿನಲ್ಲಿ ಸಿಬ್ಬಂದಿಯ ವ್ಯವಹಾರ ನೋಡಿಕೊಂಡು ಆರಾಮವಾಗಿದ್ದವಳಿಗೆ ಕಳೆದ ಜೂನಿನಲ್ಲಿ ಕ್ಲಬ್ಬಿನ ಮ್ಯಾನೇಜರ್ ಎಂಬ ಇನ್ನೊಂದು ಹೆಸರನ್ನೂ ಅಂಟಿಸಿದರು. ಆದರೆ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು, ಕಳುಹಿಸುವುದು ಎರಡೂ ನನಗೆ ಚೆನ್ನಾಗಿ ಗೊತ್ತು. ಸಂಜೆ ಆರಕ್ಕೆ ಮೇಲ್, ಮರುದಿನ ಬೆಳಿಗ್ಗೆಯಿಂದ ಗೇಟಿನ ಕಾರ್ಡ್ ಬಂದ್. ಅಳು, ಜಗಳ ಯಾವುದೂ ಇಲ್ಲ.

ಹೋಟೆಲಿನ ರಿಸೆಪ್ಷನಿಸ್ಟ್ ಲವಿನಾಳಿಗೆ ಫ್ರಂಟ್ ಆಫೀಸ್ ಮ್ಯಾನೇಜರ್ ಕೆಲಸ ಸಿಗಲಿಲ್ಲ ಎಂಬ ಮೇಲನ್ನೂ ಇವತ್ತೇ ಕಳುಹಿಸಿಬಿಟ್ಟೆ. ಅವಳು ಕೆಳಗೆ ಕೌಂಟರಿನಲ್ಲಿ, ನಾನು ಮೇಲೆ ಮೂರನೇ ಮಹಡಿಯಲ್ಲಿ. ಒಂದು ಕೆಲಸ ಮುಗಿಯಿತು.

ಫೆಬ್ರವರಿ 14, ಶುಕ್ರವಾರ

ಜಮಾಲ್ ಸರ್‌ಗೆ ಬುದ್ಧಿ ಹೇಳಲು ಹೋಗಿ ಬುದ್ಧಿ ಹೇಳಿಸಿಕೊಂಡು ಬಂದೆ. ಮೈಯೆಲ್ಲ ಉರಿಯುತ್ತಿದೆ.

ಮ್ಯಾಚಿನ ಹಿಂದಿನ ದಿನ ಸುರತ್ಕಲ್ಲಿನ ಮೈದಾನದಲ್ಲಿ ಪ್ರಾಕ್ಟೀಸ್ ಮುಗಿಸಿ ಇವರು ನೇರ ಕಂಕನಾಡಿಗೆ ಬಂದು ನಿತ್ಯಾನಂದರ ಚಾ ಹೋಟೆಲಿನ ಮೂಲೆ ಮೇಜಿನಲ್ಲಿ ಕೂರುತ್ತಾರೆ. ಮರುದಿನ ಯಾರನ್ನು ಆಡಿಸುವುದಿಲ್ಲವೋ ಅವರು ಒಬ್ಬೊಬ್ಬರಾಗಿ ಅಲ್ಲಿಗೆ ಬರಬೇಕು. ಬಂದವನಿಗೆ ಒಂದು ಚಾ, ಒಂದು ಪ್ಲೇಟ್ ಗೋಳಿಬಜೆ. ಯಾಕೆ ಆಡಿಸುವುದಿಲ್ಲ ಎಂಬುದನ್ನು ಸರ್ ಅವನ ಮುಖ ನೋಡಿ ಹೇಳುತ್ತಾರೆ. ಅವನು ಒಂದು ಪ್ರಶ್ನೆ ಕೇಳಬಹುದು, ಒಂದೇ. ಆಮೇಲೆ ಚಾ ಪೂರ್ತಿ ಕುಡಿದೇ ಏಳಬೇಕು. ಅರ್ಧ ಬಿಟ್ಟು ಎದ್ದವನು ಸಿಟ್ಟನ್ನು ಮನೆಗೆ ಹೊತ್ತುಕೊಂಡು ಹೋಗುತ್ತಾನಂತೆ. ಯಾರನ್ನಾದರೂ ತಂಡದಿಂದ ಕೈಬಿಟ್ಟರೆ ಹುಡುಗರು "ಅವನಿಗೆ ಚಾ ಆಯ್ತು" ಎನ್ನುತ್ತಾರೆ. ಬೇರೆ ದಿನ ಸರ್ ಸುಮ್ಮನೆ ಚಾ ಕುಡಿಯುವ ಎಂದು ಕರೆದರೂ ಎದೆ ಹೊಡೆದುಕೊಳ್ಳುತ್ತದಂತೆ.

ಇದಕ್ಕೆ ಇಡೀ ಸಂಜೆ ಹೋಗುತ್ತದೆ. ಆಡುವ ಹನ್ನೊಂದು ಜನರ ಹೆಸರನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಒಂದು ನಿಮಿಷದ ಕೆಲಸ, ಉಳಿದ ಹೊತ್ತಿನಲ್ಲಿ ಎದುರಾಳಿಗಳ ವಿಡಿಯೊ ಆದರೂ ನೋಡಬಹುದಲ್ಲ ಎಂದು ಕೇಳಿದೆ. ಸರ್ ಕನ್ನಡಕ ಒರೆಸಿಕೊಂಡರು.

"ಆಡುವವನಿಗೆ ಗ್ರೂಪಲ್ಲಿ ಹೇಳಿದ್ರೆ ಸಾಕು ಮೇಡಂ, ಅವ ಖುಷಿಯಲ್ಲಿ ಇರ್ತಾನೆ. ಆಡದವನಿಗೆ ಎದುರು ಕೂತೇ ಹೇಳ್ಬೇಕು. ಇಲ್ಲದಿದ್ರೆ ಕಾರಣ ಅವನೇ ಹುಡುಕ್ತಾನೆ. ಅವ ಹುಡುಕಿದ ಕಾರಣ ಯಾವಾಗ್ಲೂ ತಪ್ಪೇ ಇರ್ತದೆ."

ಸೋಲುವವರಿಗೆ ತತ್ವ ಜಾಸ್ತಿ. ಮಾವನಿಗೆ ಇದನ್ನೂ ಹೇಳಬೇಕು.

ಫೆಬ್ರವರಿ 15, ಶನಿವಾರ

ಸೋಲು. ಎರಡು ಗೋಲು ತಿಂದು ಒಂದೂ ಹೊಡೆಯಲಿಲ್ಲ. ಗ್ಯಾಲರಿಯಲ್ಲಿ ಕೆಲವರು ಜಮಾಲುದ್ದೀನ್ ಮನೆಗೆ ಹೋಗಲಿ ಎಂದು ತಾಳ ಹಾಕಿ ಕೂಗಿದರು. ಸರ್ ಗೆರೆಯ ಪಕ್ಕದಲ್ಲಿ ನಿಂತು ಕೊನೆಯ ಹುಡುಗ ಒಳಗೆ ಹೋಗುವವರೆಗೂ ಕಾದರು, ಆಮೇಲೆ ಆ ಕೂಗಿನ ಕೆಳಗೇ ನಡೆದು ಹೋದರು. ಬೇಕಿತ್ತಾ? ಇನ್ನೊಂದು ಬಾಗಿಲು ಇತ್ತು.

ಫೆಬ್ರವರಿ 21, ಶುಕ್ರವಾರ

ಇವರ ತಪ್ಪುಗಳನ್ನು ಕಣ್ಣಾರೆ ನೋಡೋಣ ಎಂದು ನಿತ್ಯಾನಂದರ ಹೋಟೆಲಿಗೆ ಹೋಗಿ ಪಕ್ಕದ ಮೇಜಿನಲ್ಲಿ ಕೂತೆ. ಸರ್ ಬೇಡ ಎನ್ನಲಿಲ್ಲ. ನನಗೂ ಒಂದು ಚಾ ಹೇಳಿದರು.

ಬಂದವನು ಹಿಶಾಮ್! ನಮ್ಮ ತಂಡದಲ್ಲಿ ಗೋಲು ಹೊಡೆಯಲು ಗೊತ್ತಿರುವುದೇ ಅವನೊಬ್ಬನಿಗೆ. ನಮ್ಮ ಹೋಟೆಲಿನ ಗೋಡೆಯ ಮೇಲೆ ಇರುವುದೂ ಅವನದೇ ಚಿತ್ರ. ಅವನನ್ನೇ ಬಿಡುತ್ತಿದ್ದಾರೆ ಎಂದು ಗೊತ್ತಾದಾಗ ನಾನು ಮನಸ್ಸಿನಲ್ಲೇ ಮಾವನಿಗೆ ಫೋನ್ ಮಾಡಿಯಾಗಿತ್ತು.

ನಿನ್ನೆ ಬಸ್ಸಿನಿಂದ ಇಳಿಯುವಾಗ ನೀನು ಎಡಗಾಲು ಮಡಚಲೇ ಇಲ್ಲ, ಮೆಟ್ಟಿಲಿಗೆ ಮೊದಲು ಅದನ್ನೇ ಇಟ್ಟೆ, ಮೊಣಕಾಲಲ್ಲಿ ನೋವುಂಟು, ಡಾಕ್ಟರಿಗೆ ತೋರಿಸುವವರೆಗೆ ಆಡಿಸುವುದಿಲ್ಲ ಎಂದರು ಸರ್. ಹಿಶಾಮ್ ಮೊದಲು ಇಲ್ಲವೆಂದ, ಆಮೇಲೆ ತಲೆ ತಗ್ಗಿಸಿದ. ಅವನ ಪ್ರಶ್ನೆಯ ಸರದಿ ಬಂತು.

"ನಾನಿಲ್ಲದೆ ಗೆಲ್ತೀರಾ ಸರ್?"

"ಇಲ್ಲ. ಹೆಚ್ಚಾಗಿ ಸೋಲ್ತೇವೆ."

ನಾನು ಕೆಲಸಕ್ಕೆ ಸೇರಿದ ಮೇಲೆ ಎಷ್ಟೋ ಜನರಿಗೆ ಕಾರಣ ಬರೆದು ಕಳುಹಿಸಿದ್ದೇನೆ. ಹೀಗೆ ಒಂದನ್ನೂ ಬರೆದಿಲ್ಲ. ಹುಡುಗ ನಕ್ಕುಬಿಟ್ಟ, ಚಾ ಪೂರ್ತಿ ಕುಡಿದ. ನನ್ನ ಚಾಕ್ಕೆ ಸಕ್ಕರೆ ಜಾಸ್ತಿಯಾಗಿತ್ತು.

ಮಾರ್ಚ್ 5, ಬುಧವಾರ

ಹಿಶಾಮನ ಮೊಣಕಾಲಿನ ಒಳಗೆ ಲಿಗಮೆಂಟ್ ಅರ್ಧ ಹರಿದಿದೆಯಂತೆ. ಆಪರೇಷನ್ ಬೇಕು, ಅದಕ್ಕೆ ಮೊದಲು ಆಡಲೇಬಾರದು ಎಂದಿದ್ದಾರೆ ಡಾಕ್ಟರು. ಮಾವನ ಮುಖ ಸಪ್ಪೆ. ಸಪ್ಪೆಯೇನು, ನನ್ನದೂ ಹಾಗೇ ಇದ್ದಿರಬೇಕು.

ಲಿಫ್ಟ್ ಕೆಟ್ಟಿತ್ತು. ಹೇಗೂ ಮೆಟ್ಟಿಲಿಳಿದು ಬಂದವಳು ಕೌಂಟರಿನ ಹತ್ತಿರ ನಿಂತು ಲವಿನಾಳಿಗೆ ಆ ಕೆಲಸ ಯಾಕೆ ಸಿಗಲಿಲ್ಲ ಎಂದು ಹೇಳಿದೆ. ಕೊಂಕಣಿ, ತುಳು, ಇಂಗ್ಲಿಷ್ ಎಲ್ಲದರಲ್ಲೂ ಅವಳು ಮುಂದು, ಆದರೆ ಜಗಳಗಂಟ ಗಿರಾಕಿ ಬಂದರೆ ಒಳಗೆ ಹೋಗಿಬಿಡುತ್ತಾಳೆ. ಅದಕ್ಕೇ ಸಿಗಲಿಲ್ಲ. ತನ್ನ ಅಪ್ಪನ ಯೂನಿಯನ್ ಗಲಾಟೆ ಕಾರಣವಿರಬೇಕು ಎಂದು ಇಷ್ಟು ದಿನ ಅಂದುಕೊಂಡಿದ್ದಳಂತೆ. ಯಾವ ಯೂನಿಯನ್ನೋ, ಯಾವ ಅಪ್ಪನೋ, ನನಗೆ ಗೊತ್ತೇ ಇರಲಿಲ್ಲ. ಇನ್ನೊಂದು ವರ್ಷ ಬಿಟ್ಟು ಮತ್ತೆ ಅರ್ಜಿ ಹಾಕಬಹುದಾ ಎಂದು ಕೇಳಿದಳು. ಹಾಕು ಎಂದೆ.

ಲಿಫ್ಟ್ ನಾಳೆ ಸರಿಯಾಗುತ್ತದಂತೆ.

ಮಾರ್ಚ್ 14, ಶುಕ್ರವಾರ

ನಿತ್ಯಾನಂದರ ಹೋಟೆಲಿಗೆ ಹೋಗಿದ್ದೆ. ಸರ್ ಅವರನ್ನು ಕಳುಹಿಸುವ ಫೈಲಿಗೆ ಇನ್ನೂ ಸ್ವಲ್ಪ ವಿಷಯ ಬೇಕಿತ್ತು.

ಇವತ್ತು ಚಾ ಆದದ್ದು ಗೋಲ್‌ಕೀಪರ್ ಪೃಥ್ವಿರಾಜನಿಗೆ. ಕಳೆದ ವಾರ ಕೈಗೆ ಬಂದ ಚೆಂಡನ್ನು ಕಾಲ ಸಂದಿನಲ್ಲಿ ಬಿಟ್ಟವನು. ರಂಝಾನ್ ತಿಂಗಳು, ಸರ್ ಉಪವಾಸ. ಬೆಳಗಿನಿಂದ ನೀರೂ ಇಲ್ಲ, ಅದರ ಮೇಲೆ ಸುರತ್ಕಲ್ಲಿನ ಬಿಸಿಲಿನಲ್ಲಿ ಪ್ರಾಕ್ಟೀಸ್ ಮಾಡಿಸಿ ಬಂದಿದ್ದಾರೆ. ಎದುರಿಗೆ ಬಿಸಿ ಗೋಳಿಬಜೆ, ಚಾ. ಪೃಥ್ವಿರಾಜ್ ಕೈ ಹಾಕಲೇ ಇಲ್ಲ.

"ಕುಡಿ ಮಾರಾಯ. ಉಪವಾಸ ನನಗೆ, ನಿನಗಲ್ಲ."

ಈ ಒಂದು ತಿಂಗಳಾದರೂ ಚಾ ಬಿಟ್ಟು ಮೈದಾನದಲ್ಲೇ ಹೇಳಬಹುದಿತ್ತಲ್ಲ ಎಂದು ಹುಡುಗ ಹೋದ ಮೇಲೆ ಕೇಳಿದೆ. ತನಗೆ ಕಷ್ಟವೆಂದು ಅವನನ್ನು ನಿಲ್ಲಿಸಿಕೊಂಡು ಹೇಳಲಿಕ್ಕೆ ಆಗುತ್ತದಾ ಎಂದರು. ದೊಡ್ಡ ಮಾತು ಆಡುವವರ ಧ್ವನಿಯೇ ಅಲ್ಲ ಅದು, ಕೊಡೆ ತರುವುದು ಮರೆತೆ ಎನ್ನುವಷ್ಟು ಸಾಧಾರಣವಾಗಿ ಹೇಳಿದರು. ನಾನು ಗೋಳಿಬಜೆಯ ಪ್ಲೇಟನ್ನು ಮೆಲ್ಲಗೆ ನನ್ನ ಮೇಜಿಗೆ ಎಳೆದುಕೊಂಡೆ. ಅದು ಅವರ ಎದುರಿಗೆ ಇರುವುದು ನನಗೇ ನೋಡಲಾಗಲಿಲ್ಲ.

ಫೈಲಿಗೆ ಏನೂ ಸಿಗಲಿಲ್ಲ.

ಮಾರ್ಚ್ 22, ಶನಿವಾರ

ಗೆದ್ದೆವು! ಸತತ ಎರಡನೇ ಗೆಲುವು. ಪೃಥ್ವಿರಾಜ್ ಕೊನೆಯಲ್ಲಿ ಪೆನಾಲ್ಟಿ ಹಿಡಿದ. ಹಿಶಾಮ್ ಇಲ್ಲದೆ ಗೆಲ್ಲುವುದನ್ನು ಸರ್ ಈ ಹುಡುಗರಿಗೆ ಹೇಗೆ ಕಲಿಸಿದರೋ. ಎಲ್ಲರೂ ಸೇರಿ ಓಡುತ್ತಾರೆ, ಒಬ್ಬ ಜಾಗ ಬಿಟ್ಟರೆ ಇನ್ನೊಬ್ಬ ಹೇಳದೆಯೇ ಬಂದು ನಿಲ್ಲುತ್ತಾನೆ. ಇಷ್ಟು ದಿನ ನಾನು ಚೆಂಡನ್ನೇ ನೋಡುತ್ತಿದ್ದೆ, ನೋಡಬೇಕಾದದ್ದು ಚೆಂಡು ಇಲ್ಲದವರನ್ನು.

ಗಂಟಲು ಕಟ್ಟಿದೆ. ಮೈದಾನದಲ್ಲಿ ಧೂಳು ಜಾಸ್ತಿ.

ಏಪ್ರಿಲ್ 24, ಗುರುವಾರ

ಇವತ್ತಿನದನ್ನು ಬರೆಯದೆ ಇರಲಾರೆ.

ಶನಿವಾರ ಕೊನೆಯ ಮ್ಯಾಚ್. ಗೆದ್ದರೆ ಉಳಿಯುತ್ತೇವೆ. ಡ್ರಾ ಆದರೂ ಸಾಲದು. ಮಾವ ಎಲ್ಲಿಂದಲೋ ಒಬ್ಬ ಡಾಕ್ಟರನ್ನು ಹಿಡಿದಿದ್ದಾರೆ. ಇಂಜೆಕ್ಷನ್ ಕೊಟ್ಟರೆ ಹಿಶಾಮ್ ನೋವಿಲ್ಲದೆ ಒಂದು ಮ್ಯಾಚ್ ಆಡುತ್ತಾನೆ. ಆಪರೇಷನ್ನಿಗೆ ಮುಂದಿನ ತಿಂಗಳು ದಿನ ಸಿಕ್ಕಿರುವುದರಿಂದ ನಡುವೆ ಒಂದು ಮ್ಯಾಚಿನಿಂದ ಏನಾಗುತ್ತದೆ ಎಂದು ಮಾವನ ವಾದ. ಹಿಶಾಮನೂ ಒಪ್ಪಿದ್ದಾನೆ, ಕುಣಿದುಕೊಂಡೇ ಒಪ್ಪಿದ್ದಾನೆ. ಕೋಚಿಗೆ ತಿಳಿಸುವ ಕೆಲಸ ನನ್ನದು.

ಸುರತ್ಕಲ್ಲಿಗೆ ಹೋದೆ. ಸರ್ ಮೈದಾನದ ಮೂಲೆಯಲ್ಲಿ ಚೆಂಡುಗಳನ್ನು ಬಲೆಗೆ ತುಂಬುತ್ತಿದ್ದರು. ಕೇಳಿಸಿಕೊಂಡು ಆಗುವುದಿಲ್ಲ ಎಂದರು. ನಮ್ಮ ಡಾಕ್ಟರು ಆಡಬಾರದು ಎಂದಿದ್ದಾರೆ, ನೋವು ಗೊತ್ತಾಗದಿದ್ದರೆ ಅವನು ಆ ಕಾಲಿನಲ್ಲೇ ತಿರುಗುತ್ತಾನೆ, ಈಗ ಅರ್ಧ ಹರಿದದ್ದು ಪೂರ್ತಿ ಹರಿಯುತ್ತದೆ. ನಾನು ಮುಚ್ಚುಮರೆ ಮಾಡಲಿಲ್ಲ. ಇದಕ್ಕೆ ಒಪ್ಪದಿದ್ದರೆ ನಿಮ್ಮ ಕೆಲಸ ಹೋಗುತ್ತದೆ ಸರ್ ಎಂದು ಮುಖ ನೋಡಿಯೇ ಹೇಳಿದೆ.

"ಗೊತ್ತುಂಟು ಮೇಡಂ. ನೀವು ಫೆಬ್ರವರಿಯಿಂದ ಪಕ್ಕದ ಮೇಜಲ್ಲಿ ಕೂರ್ತಾ ಇದ್ದೀರಲ್ಲ, ಗೋಳಿಬಜೆಗೆ ಬರುವುದಲ್ಲ ಅಂತ ನನಗೆ ಗೊತ್ತಾಗುದಿಲ್ವಾ?"

ನನಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಅವರು ಬಲೆಯ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಇಬ್ಬರೂ ಹಿಡಿದುಕೊಂಡು ಹೋಗಿ ವ್ಯಾನಿಗೆ ಹಾಕಿದೆವು.

ಏಪ್ರಿಲ್ 25, ಶುಕ್ರವಾರ

ಹಿಶಾಮನಿಗೆ ಚಾ ಆಯಿತು. ಇವತ್ತು ನಗಲಿಲ್ಲ ಅವನು.

"ಕಾಲು ನನ್ನದು ಸರ್. ನಾನೇ ಆಡ್ತೇನೆ ಅಂದ್ರೆ ನಿಮಗೆಂತ?"

"ನಿನಗೆ ಇನ್ನೂ ಹತ್ತು ವರ್ಷದ ಆಟ ಉಂಟು. ನನಗೆ ಇರುವುದು ನಾಳೆಯ ಒಂದು ಮ್ಯಾಚ್. ನನ್ನ ಒಂದು ಮ್ಯಾಚಿಗೆ ನಿನ್ನ ಹತ್ತು ವರ್ಷ ಕೇಳ್ಲಿಕ್ಕೆ ಆಗುದಿಲ್ಲ ಮಗಾ."

ಹಿಶಾಮ್ ಎದ್ದು ಹೋದ. ಚಾ ಹಾಗೆಯೇ ಇತ್ತು. ಸರ್ ಗ್ಲಾಸಿನ ಮೇಲೆ ಸಾಸರ್ ಮುಚ್ಚಿ ಕಾಯುತ್ತಾ ಕೂತರು. ಮಸೀದಿಯಲ್ಲಿ ಸಂಜೆಯ ಬಾಂಗ್ ಆಯಿತು, ರಸ್ತೆಯಲ್ಲಿ ದೀಪ ಹತ್ತಿತು, ಅವನು ಬರಲಿಲ್ಲ. ಇಷ್ಟು ತಿಂಗಳಲ್ಲಿ ಆ ಮೇಜಿನ ಮೇಲೆ ಚಾ ಉಳಿದದ್ದು ಇದೇ ಮೊದಲು ಎಂದು ನಿತ್ಯಾನಂದರು ನನ್ನ ಹತ್ತಿರ ಮೆಲ್ಲಗೆ ಹೇಳಿದರು.

ಏಪ್ರಿಲ್ 26, ಶನಿವಾರ

ಒಂದು–ಒಂದು. ಇಳಿದೆವು.

ಹುಡುಗರು ಹುಲ್ಲಿನ ಮೇಲೆ ಬಿದ್ದುಕೊಂಡು ಅತ್ತರು. ಹಿಶಾಮನನ್ನು ಯಾಕೆ ಆಡಿಸಲಿಲ್ಲ ಎಂದು ಗ್ಯಾಲರಿ ಬೊಬ್ಬೆ ಹಾಕಿತು, ಆಮೇಲೆ ಪತ್ರಕರ್ತರೂ ಅದನ್ನೇ ಕೇಳಿದರು. ಇಂಜೆಕ್ಷನ್ನಿನ ಒಂದು ಮಾತು ಹೊರಬಿದ್ದಿದ್ದರೆ ಆ ಬೊಬ್ಬೆಯೆಲ್ಲ ಮಾವನ ಕಡೆ ತಿರುಗುತ್ತಿತ್ತು. ತಂಡ ಆರಿಸಿದ್ದು ನಾನು, ಸೋತದ್ದೂ ನಾನು ಎಂದಷ್ಟೇ ಹೇಳಿ ಸರ್ ಮೈಕಿನ ಎದುರಿನಿಂದ ಎದ್ದರು. ಆಮೇಲೆ ಅದೇ ಕೂಗಿನ ಕೆಳಗಿನ ಬಾಗಿಲಿನಿಂದ ಹೊರಗೆ ಹೋದರು. ನಾನೂ ಅವರ ಹಿಂದೆಯೇ ಹೋದೆ. ಇನ್ನೊಂದು ಬಾಗಿಲು ಇದೆ ಎಂಬುದು ನೆನಪಾದದ್ದು ಕಾರಿನಲ್ಲಿ ಕೂತ ಮೇಲೆ.

ಇಷ್ಟು ದೊಡ್ಡ ಮನುಷ್ಯರನ್ನು ನಾನು ಹತ್ತಿರದಿಂದ ನೋಡಿಲ್ಲ. ಇದನ್ನು ಬೇರೆ ಯಾರ ಹತ್ತಿರವಾದರೂ ಹೇಳಿದರೆ ನಗುತ್ತಾರೆ. ಇಲ್ಲಿ ಬರೆದಿಡುತ್ತೇನೆ.

ಏಪ್ರಿಲ್ 28, ಸೋಮವಾರ

ಮಾವನ ಜೊತೆ ಜಗಳ. ಜೀವಮಾನದಲ್ಲಿ ಮೊದಲ ಸಲ.

ಸರ್ ಅವರನ್ನು ಉಳಿಸಿಕೊಳ್ಳಿ, ಕೆಳಗಿನ ಡಿವಿಷನ್ನಿನಿಂದ ಮೇಲೆ ತರಲು ಅವರಿಗಿಂತ ಒಳ್ಳೆಯವರು ಸಿಗುವುದಿಲ್ಲ ಎಂದೆ. ಪ್ರಾಯೋಜಕರು ಒಪ್ಪುವುದಿಲ್ಲ, ಊರು ಉಗಿಯುತ್ತದೆ ಎಂದರು. ಹಾಗಾದರೆ ನೀವೇ ಹೋಗಿ ಹೇಳಿ ಎಂದೆ. ಮಾವ ಕಿಟಕಿಯ ಕಡೆ ತಿರುಗಿ ನಿಂತರು.

"ಜಮಾಲ್ ಆಡುವ ಕಾಲಕ್ಕೆ ನಾನು ಕ್ಲಾಸು ತಪ್ಪಿಸಿ ಅವನ ಆಟ ನೋಡ್ಲಿಕ್ಕೆ ಹೋದವ. ಕ್ಲಬ್ಬು ಮಾಡಿದ್ದೇ ಅವನು ಬರ್ತಾನೆ ಅಂತ. ಅವನ ಮುಖ ನೋಡಿ ಇದನ್ನು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ. ನೀನು ಮೇಲ್ ಕಳ್ಸು."

ಸಿಟ್ಟು ಎಲ್ಲಿ ಹೋಯಿತೋ. ಪಾಪ ಎನಿಸಿತು.

ಏಪ್ರಿಲ್ 29, ಮಂಗಳವಾರ

ಮೇಲ್ ತಯಾರಿದೆ. ಆರು ಗಂಟೆಗೆ ಕಳುಹಿಸಬೇಕಿತ್ತು. ಕಳುಹಿಸಲಿಲ್ಲ. ಫೋನ್ ಮಾಡಿದೆ.

"ಸರ್, ನಾಳೆ ನಿತ್ಯಾನಂದರಲ್ಲಿ ಚಾ ಕುಡಿಯುವಾ?"

ಆ ಕಡೆ ಕುಕ್ಕರ್ ಕೂಗುವುದು, ಅವರ ಹೆಂಡತಿ ಮೈಮೂನಾ ಯಾರನ್ನೋ ಕರೆಯುವುದು ಕೇಳಿಸಿತು.

"ಎಷ್ಟು ಗಂಟೆಗೆ ಮೇಡಂ?"

ಏಪ್ರಿಲ್ 30, ಬುಧವಾರ

ನಾನು ಮೊದಲೇ ಹೋಗಿ ಮೂಲೆ ಮೇಜಿನಲ್ಲಿ ಕೂತಿದ್ದೆ, ಸರ್ ಕೂರುವ ಕಡೆ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು ಹುಡುಗರು ಕೂರುವ ಕುರ್ಚಿಯಲ್ಲಿ ಕೂತರು. ನಿತ್ಯಾನಂದರು ಎರಡು ಚಾ, ಗೋಳಿಬಜೆ ತಂದಿಟ್ಟು ನಮ್ಮಿಬ್ಬರ ಮುಖ ನೋಡಿ ಒಳಗೆ ಹೋಗಿಬಿಟ್ಟರು.

ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಬಿಟ್ಟು, ಮುಂದಿನ ಸೀಸನ್ನಿಗೆ ನೀವು ಇಲ್ಲ ಸರ್ ಎಂದೆ. ಅವರು ಕಾರಣಕ್ಕೆ ಕಾದರು. ಫಲಿತಾಂಶ ಎಂದು ಬಾಯಿಗೆ ಬಂತು, ಆದರೆ ಆ ಮೇಜಿನಲ್ಲಿ ಅಂಥ ಮಾತು ಆಡಲಾಗಲಿಲ್ಲ.

"ನೀವು ಹಿಶಾಮನಿಗೆ ಇಂಜೆಕ್ಷನ್ ಬೇಡ ಅಂದ್ರಲ್ಲ ಸರ್, ಅದಕ್ಕೆ."

"ಅದು ಅರ್ಧ. ನಾವು ಇಡೀ ವರ್ಷ ಸೋತದ್ದೂ ಉಂಟಲ್ಲ ಮೇಡಂ. ಮೊದಲಿನ ಮ್ಯಾಚ್‌ಗಳಲ್ಲಿ ನಾನು ಹಿಶಾಮ್ ಒಬ್ಬನನ್ನೇ ನಂಬಿದ್ದು ತಪ್ಪು. ಅದನ್ನೂ ಹೇಳಿ. ಇಲ್ಲದಿದ್ರೆ ನಾನು ಮನೆಗೆ ಹೋಗಿ ನನ್ನದೇನೂ ತಪ್ಪಿಲ್ಲ ಅಂತ ದೊಡ್ಡ ಜನ ಆಗ್ತೇನೆ."

ಅದನ್ನೂ ಹೇಳಿದೆ. ಕಣ್ಣಲ್ಲಿ ನೀರು ಬಂದದ್ದನ್ನು ಒರೆಸಿಕೊಳ್ಳಲೂ ಇಲ್ಲ. ಈಗ ನಿಮ್ಮ ಪ್ರಶ್ನೆ ಸರ್, ಒಂದು ಎಂದೆ. ಯಾಕೆ ನಾನೇ, ಇನ್ನೊಂದು ಅವಕಾಶ ಇಲ್ವಾ, ಮಾವ ಯಾಕೆ ಬರಲಿಲ್ಲ ಎಂದು ಕೇಳಬಹುದು ಎಂದು ಉತ್ತರ ಹುಡುಕಿಟ್ಟುಕೊಂಡಿದ್ದೆ. ಅವರು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಯೋಚನೆ ಮಾಡಿದರು.

"ಹೊಸ ಕೋಚಿಗೆ ಹಿಶಾಮನ ಕಾಲಿನ ವಿಷಯ ಯಾರು ಹೇಳ್ತಾರೆ?"

"ನಾನು ಹೇಳ್ತೇನೆ."

"ಫೋನಲ್ಲಿ ಅಲ್ಲ."

"ಅಲ್ಲ ಸರ್. ಎದುರು ಕೂತು."

ಸರ್ ಚಾ ಕುಡಿಯಲು ಶುರು ಮಾಡಿದರು. ನಿನ್ನೆ ಹಿಶಾಮ್ ಮನೆಗೆ ಬಂದಿದ್ದನಂತೆ. ತನ್ನಿಂದಾಗಿ ಹೀಗಾಯಿತು ಎಂದು ತುಂಬ ಅತ್ತನಂತೆ. ಮೈಮೂನಾ ಚಾ ಮಾಡಿಕೊಟ್ಟರು, ಪೂರ್ತಿ ಕುಡಿದು ಹೋದ ಎಂದು ಹೇಳುವಾಗ ಕಪ್ ಗೆದ್ದವರ ಹಾಗೆ ಕಂಡರು. ಗ್ಲಾಸ್ ಖಾಲಿ ಮಾಡಿ ಕೆಳಗಿಟ್ಟರು, ಆದರೆ ಏಳಲಿಲ್ಲ. ನನ್ನ ಗ್ಲಾಸನ್ನು ನೋಡುತ್ತಾ ಕೂತರು. ಅದು ತುಂಬಿದ ಹಾಗೆಯೇ ಇತ್ತು.

"ಕುಡಿಯಿರಿ ಮೇಡಂ."

ತಣ್ಣಗಾದ ಚಾ, ಕೆನೆ ಕಟ್ಟಿತ್ತು. ಪೂರ್ತಿ ಕುಡಿದೆ. ಆಮೇಲೆ ಇಬ್ಬರೂ ಒಟ್ಟಿಗೆ ಎದ್ದೆವು.

ಮೇ 22, ಗುರುವಾರ

ಹಿಶಾಮನ ಆಪರೇಷನ್ ಚೆನ್ನಾಗಿ ಆಯಿತು. ಡಿಸೆಂಬರಿನವರೆಗೆ ಆಡುವ ಹಾಗಿಲ್ಲ.

ಹೊಸ ಕೋಚ್ ಇವತ್ತು ಬಂದರು. ಗೋವಾದವರು, ಹೆಸರಾಂತ ಕ್ಲಬ್ಬಿನಲ್ಲಿ ಇದ್ದವರು. ಡ್ರೈವರನ್ನು ಕಳುಹಿಸುವ ಬದಲು ನಾನೇ ಬಜಪೆ ವಿಮಾನ ನಿಲ್ದಾಣಕ್ಕೆ ಹೋದೆ, ಹೇಗೂ ಆ ಕಡೆ ಕೆಲಸವಿತ್ತು. ಏನು ಕೆಲಸವಿತ್ತು ಎಂದು ಈಗ ನೆನಪಾಗುತ್ತಿಲ್ಲ. ಕಾರಿನಲ್ಲಿ ಕೂತವರೇ ಹಿಶಾಮ್ ಆಗಸ್ಟಿಗೆ ತಯಾರಾಗುತ್ತಾನೆಂದು ನಿಮ್ಮ ಅಂಕಲ್ ಹೇಳಿದ್ದಾರೆ, ಅವನನ್ನು ಇಟ್ಟುಕೊಂಡೇ ತಂಡ ಕಟ್ಟುತ್ತೇನೆ ಎಂದು ಶುರು ಮಾಡಿದರು. ನಾನು ಹೋಟೆಲಿಗೆ ಹೋಗಲಿಲ್ಲ. ಕಾರನ್ನು ಕಂಕನಾಡಿಗೆ ತಿರುಗಿಸಿದೆ.

ನಿತ್ಯಾನಂದರು ಕೇಳದೆಯೇ ಮೂಲೆ ಮೇಜು ಒರೆಸಿ ಚಾ ತಂದಿಟ್ಟರು. ಹಿಶಾಮ್ ಡಿಸೆಂಬರಿನವರೆಗೆ ಆಡುವುದಿಲ್ಲ, ಆಮೇಲೂ ಡಾಕ್ಟರು ಹೇಳಿದರೆ ಮಾತ್ರ, ಮಾವ ಏನೇ ಹೇಳಲಿ, ಯಾರು ಯಾವ ಇಂಜೆಕ್ಷನ್ ತರಲಿ ಎಂದು ಮುಖ ನೋಡಿ ಹೇಳಿದೆ. ಅವರಿಗೆ ಆಶ್ಚರ್ಯವಾಗಿರಬೇಕು, ಫುಟ್ಬಾಲ್ ವಿಷಯ ಮಾತಾಡಲು ಈ ಹೋಟೆಲಿನ ಹೆಂಗಸು ಯಾರು ಎಂದು. ಇದು ಯಾರ ತೀರ್ಮಾನ ಎಂದು ಕೇಳಿದರು.

ನಮ್ಮ ಕೋಚ್ ಅವರದು ಎಂದೆ.

ಹೇಳಿಯಾದ ಮೇಲೆ ಗೊತ್ತಾಯಿತು, ಈಗ ನಮ್ಮ ಕೋಚ್ ಎಂದರೆ ಎದುರಿಗೆ ಕೂತವರೇ ಎಂದು. ತಿದ್ದಿಕೊಳ್ಳಲು ಹೋಗಲಿಲ್ಲ. ಅವರು ಆ ಕೋಚ್ ಅವರ ಫೋನ್ ನಂಬರ್ ಸಿಗಬಹುದಾ ಎಂದು ಕೇಳಿ, ಏಳಲು ಕುರ್ಚಿ ಹಿಂದೆ ಸರಿಸಿದರು. ನಂಬರ್ ಕೊಡುತ್ತೇನೆ, ಮೊದಲು ಚಾ ಮುಗಿಸಿ ಸರ್ ಎಂದೆ.